ಕಾಣಿಕೆ ತಟ್ಟೆಯಿಂದ ಎದ್ದ ಕಾಲೇಜು

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 2018ರಲ್ಲಿ ನೂರು ವರ್ಷ ಪೂರೈಸಿತು. ಕೋಲಾರ, ಕೆಜಿಎಫ್, ಮುಳಬಾಗಿಲು ಕಡೆಯವರಿಗೆ ಆ ಊರಿನ ಹೆಸರು ಹೇಳಿದರೆ ಸಾಕು, ಬೇರೆ ವಿವರಣೆ ಬೇಡ. ದೊಡ್ಡ ಕಾಯಿಲೆ ಅಂದಕೂಡಲೇ ‘ವೆಲ್ಲೂರಿಗೆ ಕರ್ಕೊಂಡು ಹೋಗಿ’ ಅನ್ನುವ ಸಲಹೆ ಆ ಸೀಮೆಯಲ್ಲಿ ತಾನಾಗಿ ಬರುತ್ತದೆ. ಕುಷ್ಠರೋಗದಿಂದ ಮುದುಡಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಕೆಲಸಕ್ಕೆ ಬರುವಂತೆ ಮಾಡಿದ ಪಾಲ್ ಬ್ರ್ಯಾಂಡ್, ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕೂತೇ ಪುನರ್ವಸತಿ ವಿಭಾಗ ಕಟ್ಟಿದ ಮೇರಿ ವರ್ಗೀಸ್, ಇಂಥವರ ಬಗ್ಗೆ ಸಾಕಷ್ಟು ಬರೆದಾಗಿದೆ. ಈ ಸಿಂಹಾವಲೋಕನದಲ್ಲಿ ನಾವು ಕಾಲೇಜಿನ ಕಥೆಯನ್ನು ಹಣದ ಕಡೆಯಿಂದ ನೋಡಲು ಹೊರಟಿದ್ದೇವೆ. ಯಾರು ಕೊಟ್ಟರು, ಹೇಗೆ ಕೊಟ್ಟರು, ಬದಲಿಗೆ ಏನು ಕೇಳಿದರು, ಇವತ್ತು ಯಾರು ಕೊಡುತ್ತಿದ್ದಾರೆ.

ಹೀಗೆ ನೋಡುವುದಕ್ಕೆ ಕಾರಣವಿದೆ. ನಮ್ಮ ಕ್ರೈಸ್ತ ಸಭೆಗಳಲ್ಲಿ ವೆಲ್ಲೂರಿನ ಮಾತು ಬಂದರೆ ಮೊದಲು ಕೇಳಿಬರುವುದು ‘ಈ ವರ್ಷ ನಮ್ಮ ಕಡೆಯವರಿಗೆ ಸೀಟು ಸಿಕ್ಕಿತಾ?’ ಎಂಬ ಪ್ರಶ್ನೆ. ಕಳೆದ ವರ್ಷ ನಾವು ಆ ಕಾಲೇಜಿಗೆ, ಅಥವಾ ಅಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಎಷ್ಟು ಕಳಿಸಿದೆವು ಎಂದು ಯಾರಾದರೂ ಎದ್ದು ನಿಂತು ಕೇಳುವುದು ಅಪರೂಪ. ನಮ್ಮ ಹಕ್ಕು ನಮಗೆ ಚೆನ್ನಾಗಿ ನೆನಪಿದೆ. ಆ ಹಕ್ಕನ್ನು ಯಾರ ದುಡ್ಡು ನಮಗೆ ತಂದುಕೊಟ್ಟಿತು ಎಂಬುದು ಮರೆತುಹೋಗುತ್ತಿದೆ.

1869ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ಬಾಸ್ಟನ್ ನಗರದ ಟ್ರೆಮಾಂಟ್ ಸ್ಟ್ರೀಟ್ ಮೆಥಡಿಸ್ಟ್ ಚರ್ಚಿನಲ್ಲಿ ಜಡಿಮಳೆಯ ನಡುವೆ ಬೆರಳೆಣಿಕೆಯ ಹೆಂಗಸರು ಸೇರಿದರು. ಭಾರತದಲ್ಲಿದ್ದು ಬಂದ ಮಿಷನರಿಗಳ ಪತ್ನಿಯರು ಅಲ್ಲಿ ಮಾತಾಡಿದರು. ಈ ದೇಶದ ಹೆಣ್ಣುಮಕ್ಕಳಿಗೆ ಓದು ಕಲಿಸಲು, ಮದ್ದು ಕೊಡಲು ಹೆಂಗಸರೇ ಬರಬೇಕು ಎಂಬುದು ಅವರ ಮಾತಿನ ಸಾರ. ಅಲ್ಲಿ ಹುಟ್ಟಿದ ಮಹಿಳಾ ಸಂಘದ ಚಂದಾ ವಾರಕ್ಕೆ ಎರಡು ಸೆಂಟ್ ಮತ್ತು ಒಂದು ಪ್ರಾರ್ಥನೆ. ವರ್ಷಕ್ಕೆ ಒಂದು ಡಾಲರ್ ಅಂದುಕೊಳ್ಳಿ. ಅದೇ ವರ್ಷ ಮುಗಿಯುವುದರೊಳಗೆ ಆ ಸಂಘ ಇಬ್ಬರನ್ನು ಹಡಗು ಹತ್ತಿಸಿತು. ಒಬ್ಬರು ವೈದ್ಯೆ ಕ್ಲಾರಾ ಸ್ವೈನ್, ಇನ್ನೊಬ್ಬರು ಶಿಕ್ಷಕಿ ಇಸಾಬೆಲಾ ಥೋಬರ್ನ್. 1870ರಲ್ಲಿ ಲಖನೌದ ಅಮೀನಾಬಾದಿನಲ್ಲಿ ಥೋಬರ್ನ್ ಆರು ಹುಡುಗಿಯರನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು. ಆ ಶಾಲೆ 1886ರಲ್ಲಿ ಕಾಲೇಜಾಯಿತು, ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

ನಮ್ಮ ನೆಲಕ್ಕೂ ಇಂಥದೇ ಚಿಲ್ಲರೆ ಕಾಸು ಬಂದದ್ದುಂಟು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿಗೆ ಹಣ ಸದಾ ಸಾಲದು. 1850ರ ದಶಕದಲ್ಲಿ ಬಾಸೆಲ್ ನಗರದ ಉದ್ಯಮಿ ಕಾರ್ಲ್ ಸಾರಾಸಿನ್ ಒಂದು ದಾರಿ ಹುಡುಕಿದರು. ಮಿಶನ್ನಿನ ಪ್ರತಿಯೊಬ್ಬ ಹಿತೈಷಿಯೂ ವಾರಕ್ಕೆ ಅರ್ಧ ಬಾಟ್ಸೆನ್ ಕೊಡಬೇಕು. ಅದು ಬಹಳ ಸಣ್ಣ ನಾಣ್ಯ. ಕೆಲಸದ ಹೆಂಗಸೂ ಕೊಡಬಹುದು, ಕೂಲಿಯವನೂ ಕೊಡಬಹುದು. ಸಂಗ್ರಹಿಸುವವರು ಮನೆಮನೆಗೆ ಹೋಗಿ ನಾಣ್ಯ ತೆಗೆದುಕೊಂಡು ಮಿಶನ್ನಿನ ಸುದ್ದಿ ಹೇಳಿ ಬರುತ್ತಿದ್ದರು. ಮಂಗಳೂರು, ಧಾರವಾಡ, ಹುಬ್ಬಳ್ಳಿಯ ಶಾಲೆಗಳ ಗೋಡೆಗಳಲ್ಲಿ ಆ ಚಿಲ್ಲರೆಯ ಪಾಲೂ ಇದೆ.

ಸಣ್ಣ ಮೊತ್ತದ ಈ ವ್ಯವಸ್ಥೆಗೆ ನಮ್ಮ ದೃಷ್ಟಿಯಲ್ಲಿ ಮೊತ್ತಕ್ಕಿಂತ ದೊಡ್ಡದೊಂದು ಗುಣವಿತ್ತು. ವಾರಕ್ಕೊಮ್ಮೆ ಬಾಗಿಲಿಗೆ ಬರುವವನು ಬರಿಗೈಲಿ ಬರುವಂತಿಲ್ಲ, ಹೋದ ವಾರದ ದುಡ್ಡು ಏನಾಯಿತು ಎಂದು ಹೇಳಲೇಬೇಕು. ಲೆಕ್ಕ ಕೇಳುವ ಅಭ್ಯಾಸ ಕೊಡುವವರಿಗೆ ಹಾಗೆ ಬಂತು. ಲೆಕ್ಕ ಒಪ್ಪಿಸುವ ಅಭ್ಯಾಸ ತೆಗೆದುಕೊಳ್ಳುವವರಿಗೂ ಬಂತು. ಒಬ್ಬನೇ ಶ್ರೀಮಂತ ಚೆಕ್ಕು ಬರೆದುಕೊಟ್ಟಾಗ ಇದು ಆಗುವುದಿಲ್ಲ.

ಆದರೆ ವೆಲ್ಲೂರಿನ ಕಥೆ ಶುರುವಾಗುವುದು ಒಬ್ಬ ಶ್ರೀಮಂತನ ಚೆಕ್ಕಿನಿಂದಲೇ. ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ಅಜ್ಜ, ಅಪ್ಪ ಇಬ್ಬರೂ ಮಿಷನರಿ ವೈದ್ಯರು. ಅಮೆರಿಕದ ರಿಫಾರ್ಮ್ಡ್ ಚರ್ಚಿನ ಆರ್ಕಾಟ್ ಮಿಶನ್ ಅವರ ಮನೆತನದ್ದೇ ಅನ್ನುವಷ್ಟು ನಂಟು. ಹುಡುಗಿಗೆ ಮಾತ್ರ ಈ ದೇಶದಲ್ಲಿ ಉಳಿಯುವ ಮನಸ್ಸಿರಲಿಲ್ಲ. ತಿಂಡಿವನದಲ್ಲಿ ಒಂದೇ ರಾತ್ರಿ ಮೂರು ಮನೆಯ ಗಂಡಸರು ಒಬ್ಬರಾದ ಮೇಲೊಬ್ಬರು ಬಂದು ಹೆರಿಗೆಯ ನೋವಿನಲ್ಲಿರುವ ಹೆಂಡತಿಗಾಗಿ ಅವಳ ನೆರವು ಕೇಳಿದರು. ಅಪ್ಪನನ್ನು ಕಳಿಸುತ್ತೇನೆ ಅಂದರೆ ಗಂಡು ವೈದ್ಯರು ಬೇಡ ಅಂದರು. ಬೆಳಗಾಗುವುದರೊಳಗೆ ಮೂವರೂ ತಾಯಂದಿರು ತೀರಿಕೊಂಡಿದ್ದರು. ಐಡಾ ವೈದ್ಯಕೀಯ ಓದಲು ಹೋದರು, 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದರು.

ಭಾರತಕ್ಕೆ ಹೊರಡುವ ಮೊದಲು ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಲು ಹಣ ಎತ್ತುವ ಕೆಲಸ ಅವರ ಮೇಲೆ ಬಿತ್ತು. ಸಭೆಯಿಂದ ಸಭೆಗೆ ಅಲೆದರೂ ಹೆಚ್ಚು ಗಿಟ್ಟಲಿಲ್ಲ. ನ್ಯೂಯಾರ್ಕಿನ ಬ್ಯಾಂಕರ್ ರಾಬರ್ಟ್ ಶೆಲ್ ಅವರ ಮನೆಯಲ್ಲಿ ಅವರ ನಾದಿನಿಯ ಜೊತೆ ಐಡಾ ಆಡುತ್ತಿದ್ದ ಮಾತು ಪಕ್ಕದ ಕೋಣೆಯಲ್ಲಿದ್ದ ಶೆಲ್ ಕಿವಿಗೆ ಬಿದ್ದು, ಅವರು ತೀರಿಹೋದ ಹೆಂಡತಿಯ ನೆನಪಿಗೆ 10,000 ಡಾಲರ್ ಕೊಟ್ಟರು ಎಂದು ಹೇಳುತ್ತಾರೆ. 1902ರಲ್ಲಿ ಮೇರಿ ಟೇಬರ್ ಶೆಲ್ ಆಸ್ಪತ್ರೆ 40 ಹಾಸಿಗೆಗಳೊಂದಿಗೆ ತೆರೆಯಿತು. ಅದಕ್ಕೂ ಮೊದಲು ಎರಡು ವರ್ಷ ಐಡಾ ರೋಗಿಗಳನ್ನು ನೋಡಿದ್ದು ಬಂಗಲೆಯ ಒಂದು ಸಣ್ಣ ಕೋಣೆಯಲ್ಲಿ.

ಒಬ್ಬ ವೈದ್ಯೆಯಿಂದ ಒಂದು ಜಿಲ್ಲೆ ನೋಡಿಕೊಳ್ಳಲು ಆಗುವುದಿಲ್ಲ ಎಂದು ಕೆಲವೇ ವರ್ಷಗಳಲ್ಲಿ ಅರ್ಥವಾಯಿತು. ಈ ನಾಡಿನ ಹೆಣ್ಣುಮಕ್ಕಳೇ ವೈದ್ಯರಾಗಬೇಕು. 1909ರಲ್ಲಿ ನರ್ಸಿಂಗ್ ಶಾಲೆ ಬಂತು. 1918ರ ಆಗಸ್ಟ್‌ನಲ್ಲಿ ಮದ್ರಾಸ್ ಗವರ್ನರ್ ಲಾರ್ಡ್ ಪೆಂಟ್‌ಲ್ಯಾಂಡ್ ಮಹಿಳೆಯರ ಮೆಡಿಕಲ್ ಶಾಲೆ ಉದ್ಘಾಟಿಸಿದರು. ಪ್ರಾಂತ್ಯದ ಸರ್ಜನ್ ಜನರಲ್‌ಗೆ ನಂಬಿಕೆ ಇರಲಿಲ್ಲ. ಆರು ಹುಡುಗಿಯರು ಸಿಕ್ಕರೆ ಶುರುಮಾಡಿ ಅಂದಿದ್ದರು, ಗಂಡುಮಕ್ಕಳೇ ಪರೀಕ್ಷೆಯಲ್ಲಿ ಸಾಲುಸಾಲಾಗಿ ಬೀಳುತ್ತಾರೆ ಎಂದೂ ಎಚ್ಚರಿಸಿದ್ದರು. ಮೊದಲ ವರ್ಷದ ಪರೀಕ್ಷೆಗೆ ಕೂತ ವೆಲ್ಲೂರಿನ 14 ಹುಡುಗಿಯರೂ ತೇರ್ಗಡೆಯಾದರು. ಪದವಿ ಇನ್ನೂ ಇರಲಿಲ್ಲ, ಕೊಡುತ್ತಿದ್ದದ್ದು ಎಲ್‌ಎಂಪಿ ಡಿಪ್ಲೊಮಾ.

ಇಲ್ಲಿಂದ ಮುಂದಿನದು ನಮ್ಮ ಮಟ್ಟಿಗೆ ಇಡೀ ಚರಿತ್ರೆಯ ಹೃದಯಭಾಗ. ಲೂಸಿ ಪೀಬಡಿ ಎಂಬ ಬ್ಯಾಪ್ಟಿಸ್ಟ್ ಮಹಿಳೆ 1920ರ ಸುಮಾರಿಗೆ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಏಷ್ಯಾದ ಏಳು ಮಹಿಳಾ ಕಾಲೇಜುಗಳಿಗೆ ಕಟ್ಟಡ ಬೇಕಿತ್ತು. ನಮ್ಮ ದೇಶದ ಮೂರು ಅದರಲ್ಲಿದ್ದವು: ಲಖನೌದ ಥೋಬರ್ನ್ ಕಾಲೇಜು, ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ವೆಲ್ಲೂರಿನ ಮೆಡಿಕಲ್ ಶಾಲೆ. ಉಳಿದವು ಚೀನಾ, ಜಪಾನಿನವು. ರಾಕ್‌ಫೆಲರ್ ಕುಟುಂಬದ ನಿಧಿ ಒಂದು ಶರತ್ತು ಹಾಕಿತು. 1923ರ ಜನವರಿ 1ರೊಳಗೆ ಹೆಂಗಸರು 20 ಲಕ್ಷ ಡಾಲರ್ ಕೂಡಿಸಿದರೆ ನಿಧಿ 10 ಲಕ್ಷ ಡಾಲರ್ ಕೊಡುತ್ತದೆ. ಕೂಡಿಸದಿದ್ದರೆ ಇಲ್ಲ.

ಆ ಹೆಂಗಸರ ಕೈಯಲ್ಲಿ ಬ್ಯಾಂಕುಗಳಿರಲಿಲ್ಲ. ಅಮೆರಿಕದ ಹೆಂಗಸರಿಗೆ ದೇಶವ್ಯಾಪಿ ಮತದಾನದ ಹಕ್ಕು ಸಿಕ್ಕಿದ್ದೇ 1920ರಲ್ಲಿ. ಹೆಚ್ಚಿನವರಿಗೆ ತಮ್ಮದೆನ್ನುವ ಸಂಪಾದನೆಯೂ ಇಲ್ಲ. ಮನೆಖರ್ಚಿನಿಂದ ಉಳಿಸಿದ್ದು, ಚರ್ಚಿನ ಕೂಟಗಳಲ್ಲಿ ಕೂಡಿಸಿದ್ದು, ಕ್ರಿಸ್ಮಸ್‌ಗೆ ತಮಗೆಂದು ಕೊಳ್ಳಬೇಕಾದದ್ದನ್ನು ಬಿಟ್ಟು ಕಳಿಸಿದ ಒಂದೊಂದು ಡಾಲರ್. ಬೇರೆ ಬೇರೆ ಪಂಗಡಗಳ ಚರ್ಚುಗಳು, ದೀಕ್ಷಾಸ್ನಾನ ಹೇಗೆ ಕೊಡಬೇಕು ಎಂಬುದಕ್ಕೇ ಜಗಳ ಕಾಯುವವರು, ಇದೊಂದಕ್ಕೆ ಒಟ್ಟಾದರು. ಗಡುವು ಮುಗಿಯುವ ಹೊತ್ತಿಗೆ ರಾಕ್‌ಫೆಲರ್ ಪಾಲೂ ಸೇರಿ ಸುಮಾರು 30 ಲಕ್ಷ ಡಾಲರ್ ಕೂಡಿಬಂದಿತ್ತು. ವೆಲ್ಲೂರು ಪೇಟೆಯ ದೊಡ್ಡ ಆಸ್ಪತ್ರೆಯೂ ಬಾಗಾಯಂ ಬೆಟ್ಟದ ತಪ್ಪಲಿನ ಕಾಲೇಜು ಆವರಣವೂ ಮೇಲೆದ್ದದ್ದು ಆ ಅಭಿಯಾನದ ಬಲದಿಂದ. ಬಡ ವಿಧವೆಯ ಎರಡು ಕಾಸಿನ ಮಾತು ಬೈಬಲಿನಲ್ಲಿದೆ, ನಮ್ಮ ಪ್ರಸಂಗಗಳಲ್ಲಿ ಪ್ರತಿ ವರ್ಷ ಬರುತ್ತದೆ. ಆ ಎರಡು ಕಾಸು ಒಂದು ಆಪರೇಷನ್ ಥಿಯೇಟರ್ ಆದದ್ದನ್ನು ಕಣ್ಣಾರೆ ನೋಡಬೇಕಾದರೆ ವೆಲ್ಲೂರಿಗೆ ಹೋಗಬೇಕು.

ಈ ಕೊಡುಗೆಯನ್ನು ಎಷ್ಟು ಹೊಗಳಿದರೂ ಸಾಲದು ಎಂದು ನಂಬುವ ನಾವೇ ಇನ್ನೊಂದು ಮಾತನ್ನೂ ಹೇಳಬೇಕು. ಹಣ ಎತ್ತಲು ಬಳಸಿದ ಚಿತ್ರಗಳು ನಮಗೆ ನೋವು ಕೊಡುತ್ತವೆ. ಅಂದಿನ ಮಿಶನ್ ಪತ್ರಿಕೆಗಳು ಭಾರತದ ಹೆಂಗಸನ್ನು ಕಂಡದ್ದು ಬಹುತೇಕ ಕತ್ತಲಲ್ಲಿ ಕೂತವಳು, ಅಳುವವಳು, ಕೈಚಾಚಿದವಳು ಎಂದು. ಅದೇ ವೆಲ್ಲೂರಿನಲ್ಲಿ ಪ್ರಾಂತ್ಯದ ಗಂಡು ವಿದ್ಯಾರ್ಥಿಗಳನ್ನು ಹಿಂದಿಕ್ಕಿದ ಹುಡುಗಿಯರಿದ್ದರು. ರಾತ್ರಿಯಿಡೀ ಹೆರಿಗೆ ಮಾಡಿಸಿ ಬೆಳಗ್ಗೆ ಪಾಠಕ್ಕೆ ಕೂರುವ ದಾದಿಯರಿದ್ದರು. ಅವರಿಗೆ ಸಿಕ್ಕ ಜಾಗ ಕಡಿಮೆ. ಕರುಣೆ ಹುಟ್ಟಿಸಿದರೆ ಹಣ ಬೇಗ ಬರುತ್ತದೆ ಎಂಬುದು ಅಂದಿಗೂ ನಿಜ, ಇಂದಿಗೂ ನಿಜ. ನಮ್ಮ ಸಂಸ್ಥೆಗಳು ಇವತ್ತು ಅನಾಥ ಮಕ್ಕಳ ಮುಖ ಮುದ್ರಿಸಿದ ಕರಪತ್ರ ಹಂಚುವಾಗಲೂ ಆ ಮಕ್ಕಳ ಮಾನದ ಪ್ರಶ್ನೆ ಇದ್ದೇ ಇದೆ.

ಕೊಟ್ಟವರು ಕೊಟ್ಟ ಮೇಲೆ ಎಷ್ಟರ ಮಟ್ಟಿಗೆ ಹೇಳಬಹುದು? 1930ರ ದಶಕದ ಕೊನೆಯಲ್ಲಿ ಈ ಪ್ರಶ್ನೆ ವೆಲ್ಲೂರನ್ನು ಅಲ್ಲಾಡಿಸಿಬಿಟ್ಟಿತು. ಮದ್ರಾಸ್ ಸರ್ಕಾರ ಎಲ್‌ಎಂಪಿ ಡಿಪ್ಲೊಮಾ ನಿಲ್ಲಿಸಿ, ವೈದ್ಯಕೀಯ ಓದು ಇನ್ನು ಮುಂದೆ ವಿಶ್ವವಿದ್ಯಾಲಯದ ಎಂಬಿಬಿಎಸ್ ಮಟ್ಟದ್ದೇ ಆಗಿರಬೇಕು ಎಂದು ತೀರ್ಮಾನಿಸಿತು. ತೀರ್ಮಾನ ತಪ್ಪಲ್ಲ. ವೆಲ್ಲೂರಿಗೆ ಮಾತ್ರ ಅದು ಪ್ರಾಣಕ್ಕೆ ಬಂತು. ಹಾಸಿಗೆ ಹೆಚ್ಚಬೇಕು, ಪ್ರಯೋಗಾಲಯ ಹೆಚ್ಚಬೇಕು, ಉನ್ನತ ಪದವಿಯ ಪ್ರಾಧ್ಯಾಪಕರು ಬೇಕು. 1938ರ ಡಿಸೆಂಬರಿನಲ್ಲಿ ತಾಂಬರಂನಲ್ಲಿ ಸೇರಿದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನ ಎಲ್ಲ ಪಂಗಡಗಳೂ ಸೇರಿ ಒಂದು ಕ್ರೈಸ್ತ ವೈದ್ಯಕೀಯ ಕಾಲೇಜು ಕಟ್ಟುವ ವಿಚಾರಕ್ಕೆ ಬೆಂಬಲ ಕೊಟ್ಟಿತು. ಅದಕ್ಕೆ ವೆಲ್ಲೂರೇ ತಕ್ಕ ಜಾಗ. ಆದರೆ ಅಂಥ ಕಾಲೇಜಿಗೆ ಗಂಡುಮಕ್ಕಳೂ ಬರಬೇಕಾಗುತ್ತದೆ.

ಪೀಬಡಿ ಒಪ್ಪಲಿಲ್ಲ. ಹೆಂಗಸರು ಹೆಣ್ಣುಮಕ್ಕಳಿಗೆಂದು ನಂಬಿ ಕೊಟ್ಟ ಹಣವಿದು, ಇದರಿಂದ ಗಂಡುಮಕ್ಕಳ ಕಾಲೇಜು ನಡೆಸುವುದು ಕೊಟ್ಟವರಿಗೆ ಮಾಡುವ ದ್ರೋಹ ಎಂಬುದು ಅವರ ನಿಲುವು. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಂಡಸರು ಬಂದ ಕಡೆ ಹೆಂಗಸರು ಹಿಂದೆ ಸರಿಯಬೇಕಾಗುತ್ತದೆ ಎಂಬ ಅವರ ಭಯಕ್ಕೆ ಜಗತ್ತಿನ ಎಷ್ಟೋ ಕಾಲೇಜುಗಳ ಚರಿತ್ರೆ ಸಾಕ್ಷಿ. ಐಡಾ ಬಹಳ ತೊಳಲಾಡಿದರು. ಕಾಲೇಜು ಮುಚ್ಚುವುದೋ, ಬಾಗಿಲು ಅಗಲ ಮಾಡುವುದೋ ಎಂಬಲ್ಲಿಗೆ ಬಂದಾಗ ಬಾಗಿಲು ಅಗಲ ಮಾಡುವ ಕಡೆ ನಿಂತರು. ಬಹುಕಾಲದ ಗೆಳೆತನಕ್ಕೆ ಪೆಟ್ಟು ಬಿತ್ತು.

ನಾವು ಐಡಾ ಪರ. ಕೊಟ್ಟವರ ಇಷ್ಟಕ್ಕೆ ಗೌರವ ಸಲ್ಲಬೇಕು, ಆದರೆ ಕಾಲೇಜು ಇರುವುದು ಕೊಟ್ಟವರಿಗಾಗಿ ಅಲ್ಲವಲ್ಲ. ಅದು ಆ ಸೀಮೆಯ ಕಾಯಿಲೆಯವರಿಗಾಗಿ ಇರುವುದು. ಕಾಯಿಲೆಯವರ ಅಗತ್ಯ ಬದಲಾದರೆ ಕೊಟ್ಟವರ ಶರತ್ತು ಬಗ್ಗಬೇಕು. ಈ ತತ್ವವನ್ನು ಇಲ್ಲಿ ಒತ್ತಿ ಹೇಳುತ್ತಿರುವುದಕ್ಕೆ ಕಾರಣ, ಇವತ್ತು ಅದು ಬಂದು ತಾಗುವುದು ನಮಗೇ.

1941ರಲ್ಲಿ ಐಡಾ ಮತ್ತೆ ಅಮೆರಿಕಕ್ಕೆ ಹೊರಟರು. ವಯಸ್ಸು ಎಪ್ಪತ್ತು. ಜಗತ್ತು ಯುದ್ಧದಲ್ಲಿತ್ತು, ಅಮೆರಿಕವೂ ಆ ವರ್ಷದ ಕೊನೆಗೆ ಯುದ್ಧಕ್ಕಿಳಿಯಿತು. ಪ್ರತಿ ಮನೆಯಿಂದಲೂ ಸೈನ್ಯಕ್ಕೆ ಹೋದವರಿದ್ದರು, ಪ್ರತಿ ಊರಿನಲ್ಲೂ ಯುದ್ಧನಿಧಿಗೆ ಕೈಯೊಡ್ಡುವವರಿದ್ದರು. ಅಂಥ ಹೊತ್ತಿನಲ್ಲಿ ದೂರದ ಆರ್ಕಾಟು ಜಿಲ್ಲೆಯ ಕಾಲೇಜಿಗೆ ದುಡ್ಡು ಕೇಳುತ್ತ ಊರೂರು ತಿರುಗಿದರು. ಸಭೆಗಳು ಕೊಟ್ಟವು. 1942ರಲ್ಲಿ ಎಂಬಿಬಿಎಸ್‌ಗೆ ತಾತ್ಕಾಲಿಕ ಮಾನ್ಯತೆ ಬಂತು, 1947ರಲ್ಲಿ ಗಂಡುಮಕ್ಕಳು ಸೇರಿದರು, 1950ರಲ್ಲಿ ಕಾಯಂ ಮಾನ್ಯತೆ ದಕ್ಕಿತು. ಅಷ್ಟರಲ್ಲಿ ವಿಶಾಖಪಟ್ಟಣದ ಹಿಲ್ಡಾ ಲಜಾರಸ್ ಕಾಲೇಜಿನ ಚುಕ್ಕಾಣಿ ಹಿಡಿದಿದ್ದರು. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಹತ್ತಾರು ಸಭಾಮಂಡಳಿಗಳು ಬೆಂಬಲಕ್ಕೆ ನಿಂತಿದ್ದವು. ಭಾರತದ ಸಭೆಗಳೂ ಆಡಳಿತ ಮಂಡಳಿಯಲ್ಲಿ ಕೂತವು. 1947ರ ಸೆಪ್ಟೆಂಬರ್ 27ರಂದು ಉದಯವಾದ ದಕ್ಷಿಣ ಭಾರತ ಸಭೆ ಅದರಲ್ಲಿ ಪ್ರಮುಖವಾದದ್ದು. ಕರ್ನಾಟಕದ ನಮ್ಮ ಪ್ರಾಂತಗಳು, ಅಂದರೆ ಡಯಾಸಿಸ್‌ಗಳು, ಈ ಕಥೆಯೊಳಕ್ಕೆ ಬರುವುದು ಆ ಬಾಗಿಲಿನಿಂದ.

ಕ್ಯಾಥೊಲಿಕ್ ಸಭೆ ಇದೇ ಕನಸನ್ನು ಬೇರೊಂದು ದಾರಿಯಲ್ಲಿ ಕಂಡಿತು. ಗುಂಟೂರಿನಲ್ಲಿ ದುಡಿದ ಆಸ್ಟ್ರೇಲಿಯಾದ ವೈದ್ಯ ಸಂನ್ಯಾಸಿನಿ ಮೇರಿ ಗ್ಲೋರಿ 1940ರ ದಶಕದಲ್ಲೇ ಕ್ಯಾಥೊಲಿಕ್ ವೈದ್ಯಕೀಯ ಕಾಲೇಜಿನ ಅಗತ್ಯವನ್ನು ಸಾರಿ ಹೇಳುತ್ತಿದ್ದರು. 1963ರಲ್ಲಿ ಬಿಷಪ್ಪರ ಮಂಡಳಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ತೆರೆಯಿತು. ಅದರ ಕಥೆ ಪ್ರತ್ಯೇಕವಾಗಿ ಹೇಳಬೇಕಾದಷ್ಟು ದೊಡ್ಡದು, ಇನ್ನೊಮ್ಮೆ ನೋಡೋಣ.

ಈಗ ಇವತ್ತಿನ ಲೆಕ್ಕ. ವೆಲ್ಲೂರಿನ ದೈನಂದಿನ ಖರ್ಚು ನಡೆಯುವುದು ಹೊರಗಿನ ಕಾಣಿಕೆಯಿಂದ ಅಲ್ಲ, ರೋಗಿಗಳು ಕಟ್ಟುವ ಶುಲ್ಕದಿಂದ. ಕೈಲಾದವರು ಕಟ್ಟಿದ್ದರಲ್ಲಿ ಕೈಲಾಗದವರ ಚಿಕಿತ್ಸೆ ನಡೆಯುತ್ತದೆ, ವಿದ್ಯಾರ್ಥಿಗಳ ಓದೂ ನಡೆಯುತ್ತದೆ. ಅಲ್ಲಿನ ಬೋಧನಾ ಶುಲ್ಕ ಖಾಸಗಿ ಮೆಡಿಕಲ್ ಕಾಲೇಜುಗಳ ಹತ್ತಿರಕ್ಕೂ ಬಾರದಷ್ಟು ಕಡಿಮೆ. ಡೊನೇಷನ್ ಸುಳಿವಿಲ್ಲ. ಸಂಸ್ಥೆ ತನ್ನ ಕಾಲ ಮೇಲೆ ನಿಂತಿದೆ ಎಂದು ಸಂತೋಷಪಡಬೇಕಾದದ್ದೇ. ವಿದೇಶದ ಮಹಿಳಾ ಸಂಘಗಳ ಮೇಲೆ ನೂರು ವರ್ಷವಾದರೂ ಆತುಕೊಂಡಿರುವುದು ನಮಗೆ ಶೋಭೆಯಲ್ಲ.

ಆದರೆ ಒಂದು ಕೊಂಡಿ ಕಳಚಿಕೊಂಡಿತು. ಬಾಸ್ಟನ್ನಿನ ಹೆಂಗಸು ವಾರಕ್ಕೆ ಎರಡು ಸೆಂಟ್ ಹಾಕುವಾಗ ತಾನು ನೋಡದ ಊರಿನ ಕಾಯಿಲೆಯವಳ ಬಗ್ಗೆ ಯೋಚಿಸುತ್ತಿದ್ದಳು. ಆ ಜಾಗಕ್ಕೆ ರೋಗಿಯ ಬಿಲ್ಲು ಬಂದು ಕೂತಿತು. ಭಾರತದ ಸಭೆಗಳು ಆ ಹೆಂಗಸಿನ ಜಾಗಕ್ಕೆ ಬರಬೇಕಿತ್ತು. ನಾವು ಬಂದದ್ದು ಸೀಟಿಗೆ ಶಿಫಾರಸು ಪತ್ರ ಹಿಡಿದುಕೊಂಡು. ಸಭೆ ಒಬ್ಬ ಅಭ್ಯರ್ಥಿಯನ್ನು ಪ್ರಾಯೋಜಿಸುತ್ತದೆ, ಓದು ಮುಗಿದ ಮೇಲೆ ಅವರು ಎರಡು ವರ್ಷ ಮಿಶನ್ ಆಸ್ಪತ್ರೆಯಲ್ಲಿ ದುಡಿಯಬೇಕು, ಇದು ಏರ್ಪಾಡು. ಬಹಳ ಒಳ್ಳೆಯ ಏರ್ಪಾಡು. ಕೋಲಾರದ ಎಲೆನ್ ಥೋಬರ್ನ್ ಕೋವೆನ್ ಆಸ್ಪತ್ರೆ, ಮೈಸೂರಿನ ಹೋಲ್ಡ್ಸ್‌ವರ್ತ್, ಗದಗ–ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆ, ಹಾಸನದ ರೆಡ್‌ಫರ್ನ್, ಉಡುಪಿಯಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಶುರುಮಾಡಿದ ಆಸ್ಪತ್ರೆ, ಇವುಗಳಿಗೆ ವೈದ್ಯರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಏರ್ಪಾಡು. ಸಭೆ ಹಾಕುವ ಸಹಿಯಲ್ಲಿ ಸಭೆಯ ಹೊಣೆಯೂ ಇರಬೇಕು ಎಂಬುದು ಅದರ ಆಶಯ. ಕಾಲ ಕಳೆದಂತೆ ಸಹಿ ಉಳಿಯಿತು. ಯಾರ ಮಗನಿಗೆ, ಯಾರ ಮಗಳಿಗೆ ಸಿಗಬೇಕು ಎಂಬ ಪೈಪೋಟಿಯಲ್ಲಿ ಹೊಣೆ ತೆಳ್ಳಗಾಯಿತು.

ನಂತರ ವೈದ್ಯಕೀಯ ಓದಿಗೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆಯಾಗಿ ನೀಟ್ ಬಂತು. ವೆಲ್ಲೂರು ತನ್ನದೇ ಪ್ರವೇಶ ಪರೀಕ್ಷೆ ನಡೆಸಿ, ಅಭ್ಯರ್ಥಿಗಳನ್ನು ಆವರಣದಲ್ಲೇ ಇರಿಸಿಕೊಂಡು, ಸಂದರ್ಶನ ಮಾಡಿ, ಹಳ್ಳಿಯ ಆಸ್ಪತ್ರೆಯಲ್ಲಿ ನಿಲ್ಲಬಲ್ಲ ಮನಸ್ಸು ಯಾರಿಗಿದೆ ಎಂದು ನೋಡಿ ಆರಿಸುತ್ತಿತ್ತು. ಅಂಕ ಒಂದೇ ಸಾಲದು ಎಂಬುದು ಅದರ ವಾದ. 2017ರಲ್ಲಿ ಈ ವಿವಾದದಿಂದಾಗಿ ಎಂಬಿಬಿಎಸ್‌ನ ನೂರು ಸೀಟುಗಳಿಗೆ ಕಾಲೇಜು ಸೇರಿಸಿಕೊಂಡದ್ದು ಒಬ್ಬರೇ ಒಬ್ಬರನ್ನು. ಯುದ್ಧದಲ್ಲಿ ಮಡಿದ ಯೋಧರ ಮಕ್ಕಳಿಗೆಂದು ಕೇಂದ್ರ ಸರ್ಕಾರ ಸೂಚಿಸುವ ಅಭ್ಯರ್ಥಿ ಅವರು. ಉಳಿದ ಬೆಂಚುಗಳೆಲ್ಲ ಖಾಲಿ. 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ನೀಟ್ ಅಲ್ಪಸಂಖ್ಯಾತರ ಸಂಸ್ಥೆಗಳಿಗೂ ಅನ್ವಯ, ಅದರಿಂದ ಅವುಗಳ ಸಂವಿಧಾನದತ್ತ ಹಕ್ಕಿಗೆ ಚ್ಯುತಿ ಇಲ್ಲ.

ತೀರ್ಪಿನ ನಂತರ ನಮ್ಮ ವಲಯದಲ್ಲಿ ದುಃಖ ಕಂಡ ಹಾಗೆ ಸಿಟ್ಟೂ ಕಂಡಿತು. ಕಾಲೇಜಿನ ಆಯ್ಕೆಯ ಕ್ರಮ ಮುರಿದುಬಿದ್ದುದಕ್ಕೆ ನಮಗೂ ನೋವಿದೆ. ಮೂರು ಗಂಟೆಯ ಪರೀಕ್ಷೆಯೊಂದೇ ಅಳತೆಗೋಲಾದರೆ ಹಳ್ಳಿಯ ಹುಡುಗಿಯ ತಾಳ್ಮೆ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಕಾನೂನು ಈಗ ಅದು. ಮದ್ರಾಸ್ ಸರ್ಕಾರ ಎಲ್‌ಎಂಪಿ ನಿಲ್ಲಿಸಿದಾಗ ಐಡಾ ಸ್ಕಡರ್ ಹೊಸ ನಿಯಮಕ್ಕೆ ತಕ್ಕಂತೆ ಕಾಲೇಜನ್ನು ಬೆಳೆಸಲು ಹಣ ಎತ್ತಲು ಹೊರಟರು. ನಮ್ಮ ಮುಂದಿರುವುದೂ ಅದೇ ಬಗೆಯ ಕೆಲಸ.

ಹೇಗೆ ಎಂಬುದಕ್ಕೆ ಉತ್ತರ ನಮ್ಮ ಸಭೆಗಳ ಅಂಗಳದಲ್ಲೇ ಇದೆ. ಸುಗ್ಗಿ ಹಬ್ಬದ ಭಾನುವಾರ ಯಾವುದೇ ಹಳ್ಳಿಯ ಸಭೆಗೆ ಹೋಗಿ ನೋಡಿ. ಆರಾಧನೆ ಮುಗಿದ ಕೂಡಲೇ ಪೀಠದ ಮುಂದೆ ಇಟ್ಟಿದ್ದ ಬಾಳೆಗೊನೆ, ರಾಗಿ ಮೂಟೆ, ಕುಂಬಳಕಾಯಿ, ಕಾಲು ಕಟ್ಟಿದ ನಾಟಿಕೋಳಿ, ಯಾರೋ ಅಜ್ಜಿ ಸೆರಗಿನಲ್ಲಿ ತಂದ ನಾಲ್ಕು ಮೊಟ್ಟೆ ಎಲ್ಲವೂ ಅಂಗಳಕ್ಕೆ ಬರುತ್ತವೆ. ಏಲಂ ಕೂಗುವವನು ಸಾಮಾನ್ಯವಾಗಿ ಊರಿನ ಗಟ್ಟಿ ಗಂಟಲಿನ ಹಿರಿಯ. ಮೊಟ್ಟೆಗೆ ನೂರು ಅನ್ನುತ್ತಾನೆ ಒಬ್ಬ, ನೂರೈವತ್ತು ಅನ್ನುತ್ತಾನೆ ಇನ್ನೊಬ್ಬ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಹುಡುಗ ಐನೂರು ಅನ್ನುತ್ತಾನೆ. ಗೆದ್ದವನು ಅದನ್ನು ಅಲ್ಲೇ ಮತ್ತೆ ಏಲಕ್ಕೆ ಕೊಡುತ್ತಾನೆ. ನಾಲ್ಕು ಮೊಟ್ಟೆ ಮೂರು ಸಲ ಮಾರಾಟವಾಗಿ ಕೊನೆಗೆ ಅದೇ ಅಜ್ಜಿಯ ಮೊಮ್ಮಗನ ಕೈ ಸೇರುತ್ತದೆ. ಖಜಾಂಚಿ ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಹೆಸರು, ವಸ್ತು, ಮೊತ್ತ ಬರೆದುಕೊಳ್ಳುತ್ತಾರೆ. ಮುಂದಿನ ಭಾನುವಾರ ಆ ಪಟ್ಟಿಯನ್ನು ಓದಿ ಹೇಳುತ್ತಾರೆ. ಮೊತ್ತದಲ್ಲಿ ಐವತ್ತು ರೂಪಾಯಿ ತಪ್ಪಿದರೂ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಸರಿಪಡಿಸುತ್ತಾರೆ.

ಕೊಡುವ ಕೈಗೆ ನಮ್ಮಲ್ಲಿ ಕೊರತೆ ಇಲ್ಲ, ಲೆಕ್ಕದ ಶಿಸ್ತಿಗೂ ಇಲ್ಲ. ಕೊರತೆ ಇರುವುದು ಆ ಹಣ ಹೋಗುವ ದಿಕ್ಕಿನಲ್ಲಿ. ಹುಟ್ಟುಹಬ್ಬದ ಕಾಣಿಕೆ, ಸ್ತೋತ್ರ ಕಾಣಿಕೆ, ಮಹಿಳೆಯರ ಅನ್ಯೋನ್ಯ ಕೂಟ ತಿಂಗಳು ತಿಂಗಳು ಕೂಡಿಸುವ ಹಣ, ಎಲ್ಲ ಸೇರಿ ಬಹಳ ಕಡೆ ಹೋಗುವುದು ಕಮಾನು ಬಾಗಿಲಿಗೆ, ಗ್ರಾನೈಟ್ ಹಾಸಿಗೆ, ಧ್ವನಿವರ್ಧಕಕ್ಕೆ. ಇವು ಬೇಡವೆಂದಲ್ಲ. ಸೋರುವ ಮಾಡಿನ ಕೆಳಗೆ ಆರಾಧನೆ ನಡೆಸಲಾಗುವುದಿಲ್ಲ. ಆದರೆ ಗಟ್ಟಿಯಾಗಿರುವ ನೆಲವನ್ನು ಕಿತ್ತು ಹೊಳೆಯುವ ಕಲ್ಲು ಹಾಸುವ ದುಡ್ಡಿನಲ್ಲಿ ಇಬ್ಬರು ಹುಡುಗಿಯರನ್ನು ನೀಟ್ ತರಬೇತಿಗೆ ಕಳಿಸಬಹುದಲ್ಲ ಎಂದು ಸಭಾ ಸಮಿತಿಗಳಲ್ಲಿ ಒಬ್ಬರಾದರೂ ಕೇಳಬೇಕು.

ಬಡಮಕ್ಕಳಿಗೆ ಇವತ್ತು ದಾರಿ ಅಡ್ಡಗಟ್ಟಿರುವುದು ವೆಲ್ಲೂರಿನ ಶುಲ್ಕವಲ್ಲ, ವೆಲ್ಲೂರಿನ ಬಾಗಿಲವರೆಗೆ ತಲುಪುವ ಖರ್ಚು. ಪಿಯುಸಿ ಮುಗಿಸಿದ ಮೇಲೆ ಒಂದು ವರ್ಷ ಪಟ್ಟಣದಲ್ಲಿದ್ದು ಕೋಚಿಂಗ್ ಪಡೆಯುವುದು ನೌಕರಿಯಲ್ಲಿರುವವರ ಮಕ್ಕಳಿಗೆ ಸಾಧ್ಯ, ಕೂಲಿಯವರ ಮಕ್ಕಳಿಗೆ ಕಷ್ಟ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇನ್ನೂ ಕಷ್ಟ. ಸಭೆಯ ಶಿಫಾರಸಿನ ಬಲದಿಂದ ಹಿಂದೆ ಇಂಥ ಕೆಲವರಾದರೂ ಒಳಗೆ ಹೋಗುತ್ತಿದ್ದರು. ಈಗ ಅಂಕವೇ ಹೆಬ್ಬಾಗಿಲು. ಸಭೆಯ ಸಹಿಗೆ ಹಿಂದಿನ ತೂಕವಿಲ್ಲದ ಈ ಹೊತ್ತಿನಲ್ಲಿ ಸಭೆಯ ದುಡ್ಡಿಗೆ ತೂಕ ಬರಬೇಕು. ನಮ್ಮ ಪ್ರಾಂತಗಳ ಹಾಸ್ಟೆಲುಗಳಲ್ಲಿ ಜಾಗವಿದೆ, ಸಭೆಗಳಲ್ಲಿ ನಿವೃತ್ತ ಅಧ್ಯಾಪಕರಿದ್ದಾರೆ, ವೆಲ್ಲೂರಿನಲ್ಲೇ ಓದಿ ಬಂದ ವೈದ್ಯರಿದ್ದಾರೆ. ವರ್ಷಕ್ಕೆ ಒಂದು ಸುಗ್ಗಿ ಹಬ್ಬದ ಏಲಂ ಹಣವನ್ನು ಪ್ರತಿ ಸಭೆಯೂ ಇದಕ್ಕೆ ಎತ್ತಿಟ್ಟರೆ ಒಂದು ತರಬೇತಿ ಕೇಂದ್ರ ನಡೆಯುತ್ತದೆ. ಅಲ್ಲಿ ಸೇರುವ ಮಕ್ಕಳು ಕ್ರೈಸ್ತರೇ ಆಗಿರಬೇಕೆಂದೂ ಇಲ್ಲ. ಐಡಾ ಸ್ಕಡರ್ ವೈದ್ಯೆಯಾದದ್ದು ಕ್ರೈಸ್ತರಲ್ಲದ ಮನೆಗಳ ಸಾವಿನಿಂದ ಎಂಬುದನ್ನು ನೆನೆದರೆ ಆ ಪ್ರಶ್ನೆ ಏಳುವುದಿಲ್ಲ.

ಎರಡನೆಯ ಕೆಲಸ ಇನ್ನೂ ತುರ್ತಿನದು. ಓದು ಮುಗಿಸಿ ಮಿಶನ್ ಆಸ್ಪತ್ರೆಗೆ ಬರುವ ಎಳೆಯ ವೈದ್ಯರಿಗೆ ನಾವು ಏನು ಕೊಡುತ್ತಿದ್ದೇವೆ? ಎಷ್ಟೋ ಕಡೆ ಗೋಡೆ ಬಿರುಕುಬಿಟ್ಟ ಕ್ವಾರ್ಟರ್ಸ್, ತಡವಾಗಿ ಬರುವ ಸಂಬಳ, ಕೆಟ್ಟುನಿಂತ ಎಕ್ಸ್‌ರೇ ಯಂತ್ರ. ಎರಡು ವರ್ಷದ ಕರಾರು ಮುಗಿದ ದಿನವೇ ಅವರು ಹೊರಟರೆ ತಪ್ಪು ಹೊರಿಸುವುದು ಸುಲಭ. ಅವರನ್ನು ಉಳಿಸಿಕೊಳ್ಳಲು ಪ್ರಾಂತದ ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದೇವೆ ಎಂದು ಮೊದಲು ನೋಡಿಕೊಳ್ಳಬೇಕು. ಶತಮಾನದ ಹಿಂದೆ ಬೇರೆ ದೇಶದ ಹೆಂಗಸರು ಮನೆಖರ್ಚಿನಲ್ಲಿ ಉಳಿಸಿ ಆ ವೈದ್ಯರ ಓದಿಗೆ ಕಟ್ಟಡ ಕಟ್ಟಿಕೊಟ್ಟರು. ಅವರು ಬಂದು ನಿಲ್ಲುವ ಮನೆಯನ್ನು ನಾವು ಕಟ್ಟಿಕೊಡಬೇಕು. ಪ್ರತಿ ಪ್ರಾಂತವೂ ತನ್ನ ವ್ಯಾಪ್ತಿಯ ಒಂದೊಂದು ಆಸ್ಪತ್ರೆಯನ್ನು ಆರಿಸಿಕೊಳ್ಳಲಿ. ಇಬ್ಬರು ವೈದ್ಯರ ಕುಟುಂಬಕ್ಕೆ ವಾಸಯೋಗ್ಯ ಮನೆ, ತಿಂಗಳ ಒಂದನೇ ತಾರೀಕಿಗೆ ಸಂಬಳ, ಮಕ್ಕಳ ಶಾಲೆಗೆ ವಾಹನ, ಇಷ್ಟಕ್ಕೆ ಮೂರು ವರ್ಷದ ಹಣವನ್ನು ಮೊದಲೇ ಕೂಡಿಸಿ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಯಲ್ಲಿಡಲಿ. ಖಾತೆಯ ಲೆಕ್ಕ ಮೂರು ತಿಂಗಳಿಗೊಮ್ಮೆ ಎಲ್ಲ ಸಭೆಗಳ ಸೂಚನಾ ಫಲಕಕ್ಕೆ ಬರಲಿ. ಬರುವ ಪ್ರಾಂತ ಪರಿಷತ್ತಿನ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಬೇಕೆಂದು ನಮ್ಮ ಸಭಾಪಾಲಕರನ್ನೂ ಪರಿಷತ್ತಿನ ಸದಸ್ಯರನ್ನೂ ಕೇಳಿಕೊಳ್ಳುತ್ತೇವೆ. ಸೇರಿಸದಿದ್ದರೆ ಯಾಕೆ ಸೇರಿಸಲಿಲ್ಲ ಎಂದು ಸಭೆಯ ಹೆಂಗಸರು ಎದ್ದು ನಿಂತು ಕೇಳಲಿ. ಕೇಳುವ ಹಕ್ಕು ಮೊದಲು ಸಲ್ಲುವುದು ತಿಂಗಳು ತಿಂಗಳು ಈ ಹಣ ಕೂಡಿಸುವ ಅವರಿಗೆ.